ಆ ದಂಡೆಯ ಸೀರೆ

ಜೂನ್ 9, ಬೆಳಿಗ್ಗೆ 6:50

ಇವತ್ತು ಹಸಿರು. ಸೆರಗು ಹೊಳೆಯ ಕಡೆಗೆ. ಅವ್ವ ಆರಾಮ ಇದ್ದಾಳೆ.

ನೋಡುತ್ತ ನಿಂತೆ, ಚಹಾ ಉಕ್ಕಿ ಒಲೆಯೆಲ್ಲ ರಾಡಿ. ಮಾಲತೇಶ ಒಳಗಿನಿಂದಲೇ, "ನಿಮ್ಮವ್ವನ ಸೀರಿ ನೋಡೂದ್ರಾಗ ನನ್ನ ಚಾ ಹೊಳಿಪಾಲಾತು" ಎಂದ. ಗಂಡನಿಗೆ ಇಷ್ಟು ವರ್ಷವಾದರೂ ಚಹಾ ಮಾಡಲು ಬರದಿದ್ದರೆ ತಪ್ಪು ನನ್ನದೇ? ಎರಡು ಬ್ಲೌಸ್ ಇವತ್ತೇ ಹೊಲಿದು ಕೊಡಬೇಕು. ಮಷಿನ್ ಮತ್ತೆ ಮುನಿಸಿಕೊಂಡಿದೆ.

ಜೂನ್ 14

ಇವತ್ತಿಗೆ ಏಳು ವರ್ಷ. ಆ ದಂಡೆಯ ತವರಿನಲ್ಲಿ ಬೇರೆ ಹುಡುಗನ ಜೊತೆ ನಿಶ್ಚಯಕ್ಕೆ ದಿನ ಗೊತ್ತಾಗಿತ್ತು. ನಾನು ಬೆಳಗಿನ ಮೊದಲ ಬೋಟ್ ಹತ್ತಿ ಈ ದಂಡೆಗೆ ಬಂದೆ, ಮಾಲತೇಶನ ಹತ್ತಿರ. ಹಾವೇರಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡು ಸಹಿ, ಎರಡು ಹಾರ... ಮುಗಿಯಿತು.

ಅಣ್ಣ ಯಲ್ಲೇಶ ಅವ್ವನನ್ನು ಕದರಮಂಡಲಗಿಗೆ ಕರೆದೊಯ್ದು ಹನುಮಪ್ಪನ ಮುಂದೆ ಆಣೆ ಮಾಡಿಸಿದ. ತಾನೂ ಮಾಡಿದ. ನನ್ನ ಜೊತೆ ಮಾತಿಲ್ಲ, ಫೋನಿಲ್ಲ, ನನ್ನ ಹೊಸ್ತಿಲು ತುಳಿಯುವುದಿಲ್ಲ.

ಅವ್ವ ಆಣೆ ಮುರಿದಿಲ್ಲ. ಹಿತ್ತಲಿನ ಹಗ್ಗ ಬಿಚ್ಚಿಸಿ ಹೊಳೆ ಕಡೆಯ ಹುಣಸೆ ಮರಕ್ಕೆ ಕಟ್ಟಿಸಿದಳು, ಅಷ್ಟೇ. ಬೋಟ್ ನಡೆಸುವ ಬಾಬಾಜಾನ ಚಾಚಾ ಬಂದು, "ನಿಮ್ಮವ್ವ ಹಗ್ಗ ಈ ಕಡಿ ಕಟ್ಟಿಸ್ಯಾಳವಾ. ದಿನಾ ನೋಡ್ಕೋತ ಇರು" ಎಂದರು. ಸೀರೆ ಒಣಹಾಕಲು ಯಾವ ದೇವರ ಅಡ್ಡಿ?

ಚಾಚಾ ಬೋಟ್ ತಿರುಗಿಸುವುದು ಅದೇ ಹುಣಸೆ ಮರದ ಗುರುತಿಗೆ. ನನ್ನ ದಿನವೂ ಅದೇ ಗುರುತಿಗೆ ತಿರುಗುತ್ತದೆ.

ಜುಲೈ 3

ಸಾಸಿವೆ ಬಣ್ಣ.

ಹೊಳೆ ಕೆಂಪಾಗಿದೆ. ವರದಾ ನದಿಯ ನೀರೂ ಸೇರಿ ಸೆಳೆತ ಜೋರು. ಸಂಜೆ ಕೊನೆಯ ಟ್ರಿಪ್, ನೀರು ಇಳಿಯುವವರೆಗೆ ಇನ್ನು ಬೋಟ್ ಇಲ್ಲ. ಬೈಕು, ಆಡು, ಮೆಣಸಿನ ಸಸಿಯ ಟ್ರೇ, ಯಾರದೋ ಮದುವೆಯ ತಿಜೋರಿ—ಎಲ್ಲ ಒಂದೇ ಬೋಟಿನಲ್ಲಿ. ಅದರಲ್ಲೇ ಇಬ್ಬರು ಮುದುಕರ ಜಗಳ ಬೇರೆ. ಎಲ್ಲರೂ ಹೋದರು. ಹೋಗಲೇಬೇಕಾದ ನಾನು ಘಾಟಿನ ಮೆಟ್ಟಿಲ ಮೇಲೆ ನಿಂತಿದ್ದೆ.

ಜುಲೈ 19

ಐದು ದಿನದಿಂದ ಹಗ್ಗ ಖಾಲಿ. ಮಳೆಯಲ್ಲಿ ಯಾರು ಸೀರೆ ಒಣಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮಳೆ ಮೊನ್ನೆಯೇ ನಿಂತಿದೆ.

ಜುಲೈ 24, ಬೆಳಿಗ್ಗೆ 7:10

ಹಸಿರು! ಹಸಿರು ಬಂತು!

ಆದರೆ... ಹಾಕಿದ್ದು ಅವ್ವನ ಹಾಗಿಲ್ಲ. ನಾಲ್ಕು ಮಡಿಕೆ, ಧೋತರ ಹಾಕಿದಂತೆ. ಫೋನ್ ಜೂಮ್ ಮಾಡಿ ನೋಡಿದೆ—ಕ್ಲಿಪ್. ಅವ್ವನಿಗೆ ಕ್ಲಿಪ್ ಕಂಡರಾಗದು, ಸೀರೆಗೆ ಕಲೆ ಬೀಳುತ್ತದೆ ಎಂದು ಜಗಳಕ್ಕೆ ಬರುತ್ತಾಳೆ. ವಯಸ್ಸಾಯಿತು, ಗಾಳಿಗೆ ಹೆದರಿರಬೇಕು.

ಆಗಸ್ಟ್ 8

ಹಸಿರು, ಸಾಸಿವೆ, ಹಸಿರು, ಸಾಸಿವೆ. ಅವ್ವನ ಬಳಿ ಆರು ಸೀರೆ ಇವೆ. ಉಳಿದ ನಾಲ್ಕು ಎಲ್ಲಿ?

ಮಾಲತೇಶ ಊಟಕ್ಕೆ ಕುಳಿತವನು ಕೈ ತೊಳೆದ. "ನಾಳೆ ಬ್ಯಾಡಗಿ ಬಾಡಿಗಿ ಬಿಡ್ತೇನಿ. ಗಾಡಿ ತಗೊಂಡು ಸೇತುವಿ ಮ್ಯಾಲೆ ಸುತ್ತ ಹಾಕಿ ಹೋಗಿ ಬರೂಣ. ಎರಡು ತಾಸಿನ ದಾರಿ."

ಬೇಡ ಎಂದೆ. ಮೊದಲ ವರ್ಷ ಹಾಗೇ ಹೋಗಿದ್ದೆ. ಅಣ್ಣ ನನ್ನನ್ನು ನೋಡಲಿಲ್ಲ, ಅವ್ವನಿಗೆ ಹೇಳಿದ. "ಈಕಿ ಒಳಗ ಬಂದ್ರ ನಾ ಹೊರಗ ಹೋಗ್ತೇನಿ. ತಿರುಗಿ ಬರೂದಿಲ್ಲ." ಅವ್ವ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ನಾನೇ ಹಿಂದಿರುಗಿದೆ. ಅವಳಿಂದ ಇನ್ನೊಂದು ಮಗುವನ್ನೂ ಕಿತ್ತುಕೊಳ್ಳಲು ನನ್ನಿಂದ ಆಗದು.

ಆದರೂ ಅವ್ವ ಬೇಕು. ಈ ವಯಸ್ಸಿನಲ್ಲೂ ಬೇಕು. ಅವಳ ಕೈಯ ರೊಟ್ಟಿಯಲ್ಲ, ಬರೀ ಕೈ ಸಾಕು.

ಸೆಪ್ಟೆಂಬರ್ 21

ಬೋಟ್ ಶುರುವಾಯಿತು. ಮೊದಲ ಟ್ರಿಪ್ಪಿಗೇ ಬಾಬಾಜಾನ ಚಾಚಾ ನನ್ನ ಹೊಲಿಗೆ ಅಂಗಡಿಗೆ ಬಂದರು. ಕುಂದ್ರಿ ಎಂದರೂ ಕೂರಲಿಲ್ಲ.

"ಹೇಳಬ್ಯಾಡ ಅಂದಾನ ನಿಮ್ಮಣ್ಣ. ನನ್ನ ಮನಸ್ಸು ತಡೀವಲ್ದು. ಜುಲೈದಾಗ ನಿಮ್ಮವ್ವಗ ಲಕ್ವಾ ಹೊಡದೈತಿ. ಬಲಗೈ ಬಿದ್ದೈತಿ, ಮಾತಿಲ್ಲ."

"ಮತ್ತ ಸೀರಿ, ಚಾಚಾ? ದಿನಾ ನೋಡೇನಲ್ಲ ನಾ?"

"ಯಲ್ಲೇಶ ತಾನ ಒಗದು ಹಾಕ್ತಾನವಾ. ಹಗ್ಗ ಖಾಲಿ ಇದ್ರ ಆಕಿ ಹೊಳೀಗೆ ಜಿಗದಾಳು, ನೀರು ಇಳಿಯೂತನಕ ಹಿಂಗ ಇರಲಿ ಅಂದ."

ಅಂದರೆ ಏಳು ವರ್ಷದಿಂದ ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಹಗ್ಗ ಬಿಚ್ಚಲಿಲ್ಲ. ಸಿಟ್ಟು ಬಂತು. ಎರಡು ತಿಂಗಳು ನನಗೆ ಸುಳ್ಳು ತೋರಿಸಿದ. ಆಮೇಲೆ ಅವನು ಹೊಳೆಯ ದಂಡೆಯಲ್ಲಿ ಕುಳಿತು ಸೀರೆ ಕುಕ್ಕಿ ಒಗೆಯುವುದು ಕಣ್ಣಿಗೆ ಬಂತು. ತನ್ನ ಅಂಗಿಯನ್ನೂ ಒಗೆದುಕೊಂಡವನಲ್ಲ. ಅಳು ತಡೆಯಲಾಗಲಿಲ್ಲ.

ಸೆಪ್ಟೆಂಬರ್ 22

ನಾನು ಹೋಗಿ ಅಣ್ಣ ಮನೆ ಬಿಟ್ಟರೆ ಅವ್ವನನ್ನು ಯಾರು ನೋಡಿಕೊಳ್ಳುತ್ತಾರೆ? ಘಾಟಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ ನನ್ನ ನೀಲಿ ಸೀರೆ ಒಣಹಾಕಿದೆ. ನಾಲ್ಕು ಮಡಿಕೆ. ಎರಡು ಕ್ಲಿಪ್. ಅವನು ಹಾಕುವ ಹಾಗೆಯೇ. ನನಗೆ ಗೊತ್ತಾಯಿತು ಎಂದು ಅವನಿಗೂ ತಿಳಿಯಲಿ. ನಮ್ಮ ಮನೆಯವರಿಗೆ ಬಾಯಿ ಇರುವುದು ಜಗಳಕ್ಕೆ ಮಾತ್ರ.

ಸೆಪ್ಟೆಂಬರ್ 24

ಅಲ್ಲಿ ಸಾಸಿವೆ. ಇಲ್ಲಿ ನೀಲಿ.

ಸೆಪ್ಟೆಂಬರ್ 26

ನಿನ್ನೆ ಖಾಲಿ. ಇವತ್ತೂ ಖಾಲಿ. ಚಾಚಾನ ಬೋಟ್ ರಿಪೇರಿಗೆ ಮೇಲೆ ಎಳೆದಿದ್ದಾರೆ. ಕೇಳಲು ಯಾರೂ ಇಲ್ಲ. ನಾಳೆ ಏನಾದರಾಗಲಿ, ಗಾಡಿಯಲ್ಲಿ ಹೋಗುತ್ತೇನೆ. ಬಾಗಿಲ ಹೊರಗೆ ಕುಳಿತಾದರೂ ನೋಡುತ್ತೇನೆ.

ಸೆಪ್ಟೆಂಬರ್ 27, ಬೆಳಿಗ್ಗೆ 6:30

ಕೆಂಪು.

ಮೊದಲು ಗುರುತು ಸಿಗಲಿಲ್ಲ. ಅವ್ವನ ಬಳಿ ಕೆಂಪು ಸೀರೆಯೇ ಇಲ್ಲ. ಜೂಮ್ ಮಾಡಿದೆ. ಮೂರು ಸಲ ತಪ್ಪಿತು.

ಅದು ನನ್ನದು. ಇಳಕಲ್. ನನ್ನ ನಿಶ್ಚಯಕ್ಕೆಂದು ಅಣ್ಣ ರಾಣೇಬೆನ್ನೂರಿನಲ್ಲಿ ಇಡೀ ದಿನ ಅಂಗಡಿ ತಿರುಗಿ ತಂದದ್ದು. ಬಿಟ್ಟು ಬರುವ ದಿನ ಮಡಿಕೆಯನ್ನೂ ಬಿಚ್ಚದೆ ಟ್ರಂಕಿನ ಮೇಲೆ ಇಟ್ಟು ಬಂದಿದ್ದೆ. ಸುಟ್ಟಿರುತ್ತಾನೆ ಎಂದುಕೊಂಡಿದ್ದೆ.

ಪೂರ್ತಿ ಬಿಚ್ಚಿ ಹಾಕಿದ್ದಾನೆ. ಕ್ಲಿಪ್ ಇಲ್ಲ. ಸೆರಗು ಹೊಳೆಯ ಕಡೆಗೆ.

ಕರೆದಿದ್ದಾನೆ. ಕೊನೆಯ ಸಲ ನೋಡು ಎಂದೋ, ಮನೆಗೆ ಬಾ ಎಂದೋ...

7:40, ಘಾಟಿನ ಮೆಟ್ಟಿಲು

ಬೋಟ್ ನೀರಿಗಿಳಿದಿದೆ. ಈ ಕಡೆ ಬರುತ್ತಿದೆ. ಚಾಚಾನ ಪಕ್ಕ ಯಾರೋ ನಿಂತಿದ್ದಾರೆ. ಆ ನಿಲುವು ನನಗೆ ಗೊತ್ತು.

8:05, ಬೋಟಿನಲ್ಲಿ

ಅಣ್ಣ ಇಳಿಯಲಿಲ್ಲ. ಬೋಟಿನಲ್ಲೇ ನಿಂತು ಕೈ ಚಾಚಿದ. "ಲಗೂ ಬಾ, ಸುಚಿ. ಅವ್ವ ಎರಡು ದಿನದಿಂದ ಏನೂ ನುಂಗವಲ್ಲಳು. ಹಗ್ಗಾ ನೋಡ್ತಾಳ, ನನ್ನ ನೋಡ್ತಾಳ."

ಆಣೆ ಹೋಯಿತು. ಅಷ್ಟು ಹೇಳಿ ಮುಂದೆ ಹೋಗಿ ಬೆನ್ನು ತಿರುಗಿಸಿ ಕುಳಿತಿದ್ದಾನೆ. ತಲೆ ಅರ್ಧ ಬೆಳ್ಳಗಾಗಿದೆ. ಅಂಗೈಯಲ್ಲಿ ಸೋಪಿನ ಬಿರುಕು. ಅವನ ಮುಂದೆ ಅಳಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಡುಹೊಳೆ. ಅಲ್ಲಿ ಗಳಗನಾಥದ ಗುಡಿ. ಚಾಚಾ ಹುಣಸೆ ಮರ ನೋಡಿ ತಿರುಗಿಸಿದರು. ಕೆಂಪು ಈಗ ಜೂಮ್ ಇಲ್ಲದೆಯೇ ಕಾಣುತ್ತಿದೆ. ಅದರ ಕೆಳಗೆ ಅವ್ವ ಮಲಗುವ ಹೊರಸು. ಹೊರಸಿನ ಮೇಲೆ ಅವ್ವ! ಹೊರಗೆ ತಂದು ಒರಗಿಸಿ ಬಂದಿದ್ದಾನೆ. ಅವಳ ಎಡಗೈ ಮೇಲೆ ಏಳುತ್ತಿದೆ, ನನ್ನ ಕಡೆಗೆ—