ಉಮ್ಮಮ್ಮನ ಪೆಟ್ಟಿಗೆಯ ಬಿಳಿ ಬಟ್ಟೆ

ಫೆ. 11, ಮಂಗಳವಾರ

ಇವತ್ತೂ ಬಜಪೆಯಿಂದ ಕೊಡಿಯಾಲ್‌ಬೈಲ್ ತನಕ ಬಸ್ಸಿನಲ್ಲಿ ನಿಂತದ್ದೇ. ಕಾಲೇಜಿನಲ್ಲಿ ಟ್ರೆಡಿಷನಲ್ ಡೇಯದ್ದೇ ಮಾತು. ಗ್ರೀಷ್ಮಾ ಕೊಡಗಿನ ಸೀರೆ ಉಡುತ್ತಾಳಂತೆ, ನೆರಿಗೆ ಹಿಂದೆ. ಇನ್ನೊಬ್ಬಳದ್ದು ಗುಜರಾತಿ ಸೆರಗು. ನಾನು ಬ್ಯಾರಿ ಅಜ್ಜಿಯರ ಬಿಳಿ ಕುಪ್ಪಾಯ ಅಂದುಬಿಟ್ಟೆ, ಉದ್ದ ತೋಳಿನ ರವಿಕೆ. ದೊಡ್ಡ ಬಾಯಿ ನನ್ನದು. ಈಗ ಅದನ್ನು ಹಾಕುವವರು ಯಾರಿದ್ದಾರೆ? ನನ್ನ ಅಜ್ಜಿ ಉಮ್ಮಮ್ಮನೇ ನೈಟಿಗೆ ಬಂದು ಎಷ್ಟೋ ಕಾಲವಾಯಿತು.

ಉಮ್ಮಮ್ಮ ಬೆಂಗ್ರೆಗೆ ಹೋಗಿದ್ದಾಳೆ, ತಂಗಿಯ ಮನೆಗೆ. ಅವಳ ಪೆಟ್ಟಿಗೆ ತೆರೆದೆ. ಕುಪ್ಪಾಯ ಇಲ್ಲ. ತಳದಲ್ಲಿ ಒಂದು ಕವರ್, ಒಳಗೆ ಮಡಚಿಟ್ಟ ಬಿಳಿ ಬಟ್ಟೆ. ಹೊಸತು. ಕರ್ಪೂರದ ವಾಸನೆ... ಜಿರಳೆ ಬಾರದಿರಲಿ ಅಂತ ಇಟ್ಟಿರಬೇಕು. ಹೊಲಿಸಿ ಅವಳಿಗೇ ಸರ್‌ಪ್ರೈಸ್ ಕೊಡ್ತೇನೆ.

ಫೆ. 13

ಟೈಲರ್ ಎಸ್ತೆರ್ ಆಂಟಿ ಹೊಲಿದು ಕೊಟ್ಟರು. "ಎಂತ ಚಂದದ ಕಾಟನ್ ಮಾರಾಯ್ತಿ, ಎಲ್ಲಿಯದ್ದು?" ಉಮ್ಮಮ್ಮನದ್ದು ಅಂದೆ. ಕುಪ್ಪಾಯ, ಕೆಳಗೆ ಉಡಲಿಕ್ಕೆ ಒಂದು, ತಲೆಗೆ ಒಂದು. ಬಟ್ಟೆ ಪೂರ್ತಿ ಮುಗಿಯಿತು.

ಫೆ. 15, ಶನಿವಾರ

ಫಸ್ಟ್ ಪ್ರೈಜ್ ನನಗೇ. ಫೋಟೊ ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಫೆ. 16

ಉಮ್ಮಮ್ಮನಿಗೆ ದಮ್ಮು ಕಟ್ಟಿ, ಶಾಹುಲ್ ಮಾವ ಬೆಂಗ್ರೆಯಿಂದ ಆಸ್ಪತ್ರೆಗೆ ತೋರಿಸಿ ಮನೆಗೆ ತಂದು ಬಿಟ್ಟರು. ಹಾರ್ಟ್ ವೀಕ್ ಅಂತೆ. ಮಲಗಿಕೊಂಡೇ ಮಗಳಿಗೆ, ನನ್ನ ಉಮ್ಮನಿಗೆ, ಹೇಳಿದಳು: "ರಮ್ಲಾ, ನನ್ನ ಕಫನ್ ಪೆಟ್ಟಿಗೆಯ ಅಡಿಯಲ್ಲಿ ಉಂಟು. ಹಜ್ಜಿಗೆ ಹೋದಾಗ ಝಂಝಂ ನೀರಿನಲ್ಲಿ ಅದ್ದಿ ತಂದದ್ದು. ಆ ಹೊತ್ತಿಗೆ ಹುಡುಕುವ ಹಾಗೆ ಆಗಬಾರದು."

ನನ್ನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಅದನ್ನು ಅಲ್ಲೇ ಕೆಳಗಿಟ್ಟು ನನ್ನ ಕೋಣೆಗೆ ಓಡಿದೆ.

ಹೆಣಕ್ಕೆ ಹೊದೆಸುವ ಬಟ್ಟೆ. ಅದಕ್ಕೆ ಹೊಲಿಗೆಯೇ ಇರಬಾರದು. ನಾನು ಬಟನ್ ಹಾಕಿಸಿದ್ದೇನೆ. ಹಾಕಿಕೊಂಡು ಸೆಲ್ಫಿ ತೆಗೆದಿದ್ದೇನೆ. ಯಾ ಅಲ್ಲಾಹ್.

ಫೆ. 17

ಕುಪ್ಪಾಯ ಪುಸ್ತಕಗಳ ಹಿಂದೆ ಅಡಗಿಸಿದೆ. ಉಮ್ಮಮ್ಮ ಕೆಮ್ಮಿದರೆ ಓಡಿ ಹೋಗಿ ನೋಡ್ತೇನೆ. ಉಮ್ಮ ಆ ಕೋಣೆಗೆ ಹೋದರೂ ಅಷ್ಟೇ. ಉಮ್ಮಮ್ಮನಿಗೆ ಏನಾದರೂ ಆಗಿ, ಪೆಟ್ಟಿಗೆ ತೆರೆದು, ಅಷ್ಟು ಜನರ ಎದುರು... ಇನ್ನೊಂದು ಹೆದರಿಕೆ ಬರೆಯಲಿಕ್ಕೂ ಆಗುವುದಿಲ್ಲ. ಅವಳಿಗಿಂತ ಮೊದಲು ನಾನು ಉಟ್ಟೆನಲ್ಲ.

ಫೆ. 20

ಉಮ್ಮಮ್ಮ ಹತ್ತಿರ ಕರೆದಳು. ಬಾಗಿಲು ಹಾಕು ಅಂದಳು.

"ಶಾಹುಲ್ ನಿನ್ನೆ ಬಂದವ ನಿನ್ನ ಫೋಟೊ ತೋರಿಸಿದ. ಆ ಬಟ್ಟೆ ಎಲ್ಲಿಯದ್ದು?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಲು ಹಿಡಿದು ಅತ್ತೆ. ಬೈದಿದ್ದರೆ ಒಳ್ಳೆಯದಿತ್ತು.

"ಪೆಟ್ಟಿಗೆ ತೆರೆದಾಗಲೆಲ್ಲ ಅದನ್ನು ನೋಡಿ ನನಗೆ ಹೆದರಿಕೆ ಆಗ್ತಿತ್ತು ಮಗಾ. ಹಜ್ಜಿಗೆ ಹೋದವಳು ಹಾಗೆ ಹೇಳಲಿಕ್ಕುಂಟಾ? ಯಾರಿಗೂ ಹೇಳಲಿಲ್ಲ. ನೀನು ಅದರಲ್ಲಿ ನಗುವುದು ನೋಡಿ ಆ ಹೆದರಿಕೆ ಸ್ವಲ್ಪ ಇಳಿಯಿತು."

ಆಮೇಲೆ, "ಈಗ ಬೇರೆ ಒಂದು ಬೇಕಲ್ಲ. ನೀನೇ ತಾ. ಉಮ್ಮನಿಗೆ ಗೊತ್ತಾಗುವುದು ಬೇಡ" ಅಂದಳು.

ಫೆ. 22

ಬಂದರಿನಲ್ಲಿ ಸಮದ್ ಕಾಕನ ಬಟ್ಟೆ ಅಂಗಡಿ. ಎರಡು ಸಲ ಎದುರಿನಿಂದಲೇ ದಾಟಿ ಹೋದೆ. ಮೂರನೇ ಸಲ ಮೆಟ್ಟಿಲು ಹತ್ತಿದೆ. ಕಫನ್ ಅಂತ ಹೇಳುವ ಬದಲು ಬಿಳಿ ಬಟ್ಟೆಯ ಕಡೆಗೆ ಕೈ ತೋರಿಸಿದೆ, ಅವರಿಗೆ ಹೇಗೋ ಅರ್ಥವಾಯಿತು.

"ಗಂಡಸರಿಗಾ, ಹೆಂಗಸರಿಗಾ?"

ಹೆಂಗಸರಿಗೆ.

"ಎತ್ತರ ಎಷ್ಟು ಮಗಳೇ?"

ಅದನ್ನು ಕೇಳ್ತಾರೆಂದು ಯೋಚಿಸಿರಲಿಲ್ಲ. "ನನ್ನಷ್ಟೇ" ಅಂದೆ.

ಕಾಕ ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಬಟ್ಟೆ ಅಳೆದು ಕತ್ತರಿ ಹಾಕಿದರು.

ಕವರ್ ಈಗ ನನ್ನ ಮಂಚದ ಮೇಲೆ ಉಂಟು. ಮುಟ್ಟಲಿಕ್ಕೆ ಕೈ ಬರುವುದಿಲ್ಲ. ಆಚೆ ಕೋಣೆಯಿಂದ ಉಮ್ಮಮ್ಮ ಕರೀತಿದ್ದಾಳೆ, "ಸಿಕ್ಕಿತಾ ಮಗಾ?" ಹೋಗ್ತೇನೆ. ಕೊಡ್ತೇನೆ. ಯಾರ ಅಳತೆಗೆ ತಂದದ್ದು ಅಂತ ಮಾತ್ರ ಅವಳು ಕೇಳಿದರೆ—