ಪಳಗಿಲ್ಲವೆಂದು ನಾನು ಹೇಳಿದ ಕುದುರೆ

೧೯೫೭ ಜೂನ್ ೧೦, ಸೋಮವಾರ

ಬೆಳಿಗ್ಗೆ ಐದೂವರೆಗೆ ಲಾಯ. ತುಂತುರು ಮಳೆ, ಬೆಟ್ಟ ಕಾಣಿಸಲಿಲ್ಲ. ಎಲ್ಲಕ್ಕೂ ಹುರುಳಿ ಇಟ್ಟಾಯಿತು. ಮೊನ್ನೆ ಬಂದ ಕಂದು ಕುದುರೆ ಬಹದ್ದೂರ್ ಅರ್ಧ ಬಿಟ್ಟಿದೆ. ಹಲ್ಲು ನೋಡಬೇಕು.

ಚಿಕ್ಕಿಯನ್ನು ಪಳಗಿಸಲು ತೊಡಗಿ ಇಂದಿಗೆ ಏಳನೇ ವಾರ. ರೇಸಿನಲ್ಲಿ ಇವಳ ಹೆಸರು ‘ಕೋರ್ಟ್ ಫೀ’. ಮಾಲೀಕರು ಲಾಯರಂತೆ. ಕುದುರೆಗೆ ಇಡುವ ಹೆಸರೇ ಅದು? ಹಣೆಯ ಮೇಲೆ ಬಿಳಿ ಚಿಕ್ಕಿ ಇದೆ, ಅದೇ ಸಾಕು. ನಾಲ್ಕು ವರ್ಷ ಓಡಿ ಒಂದು ಸಲವೂ ಮೊದಲು ಬರದೆ ಸದಾಶಿವಯ್ಯನವರ ರೈಡಿಂಗ್ ಸ್ಕೂಲಿಗೆ ಬಂದಳು. ಅವರು ಟಿಂಬರ್ ವ್ಯಾಪಾರದವರು. ರೇಸ್ ಮುಗಿದ ಕುದುರೆಗಳನ್ನು ಕೊಂಡು ತರುತ್ತಾರೆ. ನಾನು ಪಳಗಿಸುತ್ತೇನೆ. ಸವಾರಿಗೆ ಬೇಕೆಂದವರಿಗೆ ಅವರು ಮಾರುತ್ತಾರೆ.

ಪಳಗಿಸುವುದೆಂದರೆ ಮುಕ್ಕಾಲು ಪಾಲು ಮರೆಸುವುದು. ಲಗಾಮು ಬಿಗಿದರೆ ಬೇರೆ ಕುದುರೆ ನಿಲ್ಲುತ್ತದೆ, ರೇಸ್ ಕುದುರೆ ಇನ್ನೂ ಜೋರಾಗಿ ಓಡುತ್ತದೆ. ಅದಕ್ಕೆ ಹೇಳಿಕೊಟ್ಟಿರುವುದೇ ಹಾಗೆ. ಸವಾರ ಹತ್ತುವಾಗ ನಿಲ್ಲಲು ಬರದು. ಒಂದೇ ಕಡೆಗೆ ತಿರುಗಿ ಓಡಿ ಓಡಿ ಇನ್ನೊಂದು ಕಡೆಗೆ ಕತ್ತು ಬಗ್ಗದು. ಇಂದು ಚಿಕ್ಕಿ ಎರಡೂ ಕಡೆ ತಿರುಗಿದಳು. ಲಗಾಮು ಸಡಿಲ ಬಿಟ್ಟಿದ್ದೆ. ಬರೀ ಮಂಡಿಯ ಒತ್ತಿಗೆ.

ಆ ಮಂಡಿಯೇ ಈಗ ನೋಯುತ್ತಿದೆ. ತಿಮ್ಮಮ್ಮ ಎಣ್ಣೆ ಬಿಸಿ ಮಾಡಿಟ್ಟಿದ್ದಾಳೆ, ಬೈದುಕೊಂಡೇ. ನನ್ನ ಬಟ್ಟೆಯ ಕುದುರೆ ವಾಸನೆಗೆ ಮದುವೆಯಾದ ಇಪ್ಪತ್ತಾರು ವರ್ಷದಿಂದ ಬೈಯುತ್ತಿದ್ದಾಳೆ.

ಜೂನ್ ೨೯, ಶನಿವಾರ

ಚಿಕ್ಕಿಯನ್ನು ಮೈಸೂರಿನ ಊರೊಳಗೆ ಕರೆದೊಯ್ದೆ. ಎತ್ತಿನ ಗಾಡಿ, ಬಸ್ಸು, ಇಸ್ಕೂಲು ಬಿಟ್ಟ ಮಕ್ಕಳು. ಚಾಮರಾಜಪುರಂ ರೈಲ್ವೆ ಗೇಟಿನ ಹತ್ತಿರ ಎಂಜಿನ್ ಕೂಗಿತು. ಕಿವಿ ಒಂದು ಸಲ ಆಡಿಸಿದಳು, ಅಷ್ಟೆ. ಇಳಿದು ಮತ್ತೆ ಹತ್ತಿದೆ. ಕಂಬದ ಹಾಗೆ ನಿಂತಿದ್ದಳು.

ಇನ್ನು ನಾನು ಇವಳಿಗೆ ಕಲಿಸುವುದೇನೂ ಉಳಿದಿಲ್ಲ. ಬರೆಯುವಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಕುದುರೆಪಡೆಯ ರೆಜಿಮೆಂಟ್ ಬಿಟ್ಟ ದಿನ ನನ್ನ ಕುದುರೆಯ ಲಗಾಮು ಇನ್ನೊಬ್ಬನ ಕೈಗೆ ಕೊಟ್ಟು, ಕಾಗದಕ್ಕೆ ಸಹಿ ಹಾಕಿ ಬಂದೆ. ಹಿಂತಿರುಗಿ ನೋಡಲಿಲ್ಲ. ದಫೇದಾರನಾದವನು ಅಳಬಾರದು. ಇಲ್ಲಿಗೆ ಬಂದ ಮೇಲೆ ಹನ್ನೊಂದು ಕುದುರೆ ಪಳಗಿಸಿ ಕೊಟ್ಟೆ. ಪಳಗಿತು ಎಂದು ನಾನು ಹೇಳಿದ ವಾರವೇ ಅದು ಹೊರಡುತ್ತದೆ. ಹನ್ನೊಂದರಲ್ಲಿ ಯಾವುದನ್ನು ಕಳಿಸುವಾಗಲೂ ನನಗೆ ಹೀಗೆ ಅನ್ನಿಸಿರಲಿಲ್ಲ. ಇವಳು ನನ್ನ ಕೆಮ್ಮು ಕೇಳಿದರೆ ಸಾಕು, ಲಾಯದ ಆ ಕೊನೆಯಿಂದ ಕೆನೆಯುತ್ತಾಳೆ.

ಸದಾಶಿವಯ್ಯನವರಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳಿದರಾಯಿತು.

ಜುಲೈ ೧೪, ಭಾನುವಾರ

ಹುಚ್ಚಯ್ಯನ ಮಗಳು ಬಂದಿದ್ದಳು, ಪುಟ್ಟಬಸಮ್ಮ. ಹುಚ್ಚಯ್ಯ ರೆಜಿಮೆಂಟಿನಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವ. ತೀರಿಕೊಂಡು ಆರು ವರ್ಷ. ಇವಳಿಗೆ ಈಗ ಮೂವತ್ತರ ಹತ್ತಿರ. ಸರ್ಕಾರಿ ಮಿಡ್‌ವೈಫು, ಮೇಟಗಳ್ಳಿಯಲ್ಲಿ ಕೆಲಸ. ಅಲ್ಲಿಂದ ಆಚೆಯ ಹಳ್ಳಿಗಳಿಗೆಲ್ಲ ಇವಳೊಬ್ಬಳೇ. ಬಸ್ಸು ಕೆ.ಆರ್.ಎಸ್. ರಸ್ತೆ ಬಿಟ್ಟು ಇಳಿಯುವುದಿಲ್ಲ, ಸೈಕಲ್ಲು ಕೆಸರಿನಲ್ಲಿ ಹೂತುಕೊಳ್ಳುತ್ತದೆ, ನಡೆದು ಹೋಗುವಷ್ಟರಲ್ಲಿ ಹೆರಿಗೆ ಆಗಿಯೇ ಹೋಗಿರುತ್ತದೆ. ಅದಕ್ಕೇ ಕುದುರೆ. ಮೇಟಗಳ್ಳಿಯಲ್ಲಿ ಅಣ್ಣನ ಮನೆ ಇದೆ, ಕೊಟ್ಟಿಗೆಯೂ ಇದೆಯಂತೆ.

ಚಿಕ್ಕವಳಿದ್ದಾಗ ಅಪ್ಪನ ಜೊತೆ ಲಾಯಕ್ಕೆ ಬಂದು ಬರಿಬೆನ್ನಿನ ಮೇಲೆ ಕೂರುತ್ತಿದ್ದಳು. ಮರೆತಿಲ್ಲ. ಸೀರೆಯನ್ನು ಗಂಡುಕಚ್ಚೆ ಹಾಕಿಕೊಂಡು ಚಿಕ್ಕಿಯ ಮೇಲೆ ಕೂತಳು. ಎರಡು ಸುತ್ತು ಬಂದಳು. ಕೈ ಎಷ್ಟು ಹಗುರ. ಚಿಕ್ಕಿ ಕತ್ತು ಇಳಿಸಿಕೊಂಡು ಹಸುವಿನ ಹಾಗೆ ನಡೆದಳು. ನೋಡಿದೆ. ನೋಡಲಾಗಲಿಲ್ಲ.

ಇವಳನ್ನೇ ಕೊಡಿ ಎಂದಳು. ಸದಾಶಿವಯ್ಯನವರು ನನ್ನ ಕಡೆ ತಿರುಗಿದರು.

“ಏನ್ರೀ ಮಹದೇವು ದಫೇದಾರ್ರೇ, ಕೊಡಬೋದಾ?”

“ಇಲ್ಲ ಸ್ವಾಮಿ. ಇನ್ನೂ ಪಳಗಿಲ್ಲ. ರಸ್ತೇಲಿ ಬೆದರ್ತಾಳೆ.”

ಬಾಯಿಂದ ಎಷ್ಟು ಸಲೀಸಾಗಿ ಬಂತು.

ಬಹದ್ದೂರ್ ಹೇಗೆ ಎಂದು ಅವರು ಕೇಳಿದರು. ಅದು ಬಂದು ಐದೇ ವಾರ. ಹಿಂದಿನಿಂದ ಏನಾದರೂ ಸದ್ದು ಮಾಡಿಕೊಂಡು ಬಂದರೆ ಕೈಮೀರಿ ಓಡುತ್ತದೆ. ಎರಡು ಸಲ ನೋಡಿದ್ದೇನೆ. ಅದೂ ಇಲ್ಲ ಎಂದರೆ ಅವರು ಮತ್ತೆ ಚಿಕ್ಕಿಯ ಮಾತು ಎತ್ತುತ್ತಿದ್ದರು.

ಅದಾದೀತು ಎಂದೆ.

ಪುಟ್ಟಬಸಮ್ಮ ತಲೆಯಾಡಿಸಿದಳು. “ನೀವು ಹೇಳಿದ್ ಮೇಲೆ ಆಯ್ತು ಬುಡಿ ಚಿಕ್ಕಪ್ಪ” ಎಂದಳು.

ಜುಲೈ ೧೬

ಬಹದ್ದೂರ್ ಹೊರಟಿತು. ಲಗಾಮು ಬಿಗಿ ಹಿಡಿಯಬೇಡ, ರಸ್ತೆಯ ಅಂಚಿನಲ್ಲೇ ಹೋಗು, ಲಾರಿ ಬಂದರೆ ಇಳಿದುಬಿಡು ಎಂದು ಮೂರು ಸಲ ಹೇಳಿದೆ. ನಕ್ಕಳು. ಇಷ್ಟು ಹೇಳುವವನು, ಸದ್ದಿಗೆ ಅದು ಕೈಮೀರಿ ಓಡುತ್ತದೆ ಎಂಬುದೊಂದನ್ನು ಹೇಳಬಹುದಿತ್ತು. ಗೇಟಿನ ತನಕ ಜೊತೆಯಲ್ಲಿ ನಡೆದೆ.

ಆಗಸ್ಟ್ ೨೦

ಪುಟ್ಟಬಸಮ್ಮನ ಅಣ್ಣ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ಕುದುರೆ ಚೆನ್ನಾಗಿದೆಯಂತೆ, ತಿಂಗಳಲ್ಲಿ ಒಂಬತ್ತು ಹೆರಿಗೆಗೆ ಹೋಗಿ ಬಂದಳಂತೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸುಳ್ಳು ಹೇಳಿದರೂ ಯಾರಿಗೂ ಕೆಟ್ಟದ್ದಾಗಲಿಲ್ಲ ಅಂದುಕೊಂಡು ಅರ್ಧ ಸೇರು ಬೆಲ್ಲ ತಂದೆ. ಚಿಕ್ಕಿಗೆ.

ತಿಮ್ಮಮ್ಮ ಬೆಲ್ಲದ ಪೊಟ್ಟಣ ನೋಡಿದಳು. ಆ ಹುಡುಗಿಗೆ ಯಾಕೆ ಇದನ್ನು ಕೊಡಲಿಲ್ಲ ಎಂದು ಕೇಳಿದಳು. ಪಳಗಿಲ್ಲ ಎಂದೆ. ಮನೆಯಲ್ಲೂ ಅದೇ ಸುಳ್ಳು. ಅವಳು ಮುಖ ನೋಡಿ ಒಳಗೆ ಹೋದಳು.

ಸೆಪ್ಟೆಂಬರ್ ೧೨, ಗುರುವಾರ, ಸಂಜೆ

ಬಹದ್ದೂರ್ ಸವಾರರಿಲ್ಲದೆ ಲಾಯಕ್ಕೆ ಬಂದಿದೆ. ಮೈಯೆಲ್ಲ ನೊರೆ, ಮೊಣಕಾಲಿನ ಚರ್ಮ ಕಿತ್ತಿದೆ. ಮೇಟಗಳ್ಳಿಯಿಂದ ಇಲ್ಲಿಗೆ, ಊರು ದಾಟಿಕೊಂಡು.

ಆಮೇಲೆ ಪುಟ್ಟಬಸಮ್ಮನ ಅಣ್ಣ ಬಂದ. ಕೆ.ಆರ್.ಎಸ್. ರಸ್ತೆಯಲ್ಲಿ ಹಿಂದಿನಿಂದ ಲಾರಿ ಬಂದು ಹಾರನ್ ಮಾಡಿತಂತೆ. ಮೋರಿಯ ಕಲ್ಲಿನ ಮೇಲೆ ಬಿದ್ದಿದ್ದಾಳೆ. ತೊಡೆಯ ಮೂಳೆ ಮುರಿದಿದೆ. ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ಹೊರಟಿದ್ದ ಮನೆಯಲ್ಲಿ ಹಳ್ಳಿಯ ಅಜ್ಜಿಯೇ ಹೆರಿಗೆ ಮಾಡಿಸಿದಳು, ತಾಯಿ ಮಗು ಉಳಿದಿದ್ದಾರೆ. ಅದೊಂದು…

ಬರೆಯಲಾಗುತ್ತಿಲ್ಲ.

ಸೆಪ್ಟೆಂಬರ್ ೧೪

ಆಸ್ಪತ್ರೆಗೆ ಹೋದೆ. ಕಾಲಿಗೆ ತೂಕ ಕಟ್ಟಿ ಮಂಚದ ತುದಿಗೆ ಇಳಿಬಿಟ್ಟಿದ್ದಾರೆ. ಮುಖ ಸುಣ್ಣದ ಹಾಗೆ. ಮೂಸಂಬಿ ಹಣ್ಣು ಕೈಯಲ್ಲೇ ಹಿಡಿದು ನಿಂತಿದ್ದೆ. ಅವಳೇ ಮಾತು ತೆಗೆದಳು.

“ನಂದೇ ತಪ್ಪು ಚಿಕ್ಕಪ್ಪ. ಲಗಾಮ್ ಬಿಗಿ ಹಿಡುದ್ಬುಟ್ಟೆ. ನೀವ್ ಹೇಳಿದ್ರಿ, ನಾನೇ ಕೇಳ್ಲಿಲ್ಲ.”

ಬೈದಿದ್ದರೆ ನಿಂತು ಕೇಳಬಹುದಿತ್ತು. ಹಣ್ಣು ಇಟ್ಟು ಬಂದೆ. ಅದಕ್ಕಿಂತ ಹೆಚ್ಚು ಏನೂ ಮಾಡಲಿಲ್ಲ.

ಸೆಪ್ಟೆಂಬರ್ ೧೬, ಸೋಮವಾರ

ಚಿಕ್ಕಿ ಇಲ್ಲ.

ನಾನು ಆಸ್ಪತ್ರೆಯಲ್ಲಿದ್ದ ಹೊತ್ತಿಗೇ ಹೊರಟುಹೋಗಿದ್ದಾಳೆ. ನಿನ್ನೆ ನನಗೆ ರಜ. ಇಂದು ಬಂದು ನೋಡಿದರೆ ಕಟ್ಟುಗೂಟ ಖಾಲಿ. ಸದಾಶಿವಯ್ಯನವರು ಯಾರೋ ದಲ್ಲಾಳಿಗೆ ಕೊಟ್ಟುಬಿಟ್ಟಿದ್ದಾರೆ. ಅವನು ಯಾರಿಗೆ ಮಾರುತ್ತಾನೋ ತಮಗೆ ಗೊತ್ತಿಲ್ಲ ಎಂದರು. ಬಹದ್ದೂರನ್ನೂ ಕಳಿಸಿದ್ದಾರೆ. ಪೊಲೀಸಿನವರು ಬಂದು ಕೇಳಿ ಹೋದ ಮೇಲೆ ಅವರಿಗೆ ಭಯ.

“ನೀವೇ ಹೇಳಿದ್ರಲ್ಲ ರಸ್ತೇಲಿ ಬೆದರುತ್ತೆ ಅಂತ. ನೀವು ಆದೀತು ಅಂದಿದ್ದೇ ಒಂದು ಕಾಲು ಮುರೀತು. ಆಗಲ್ಲ ಅಂದಿದ್ದನ್ನ ಇಟ್ಕೊಂಡು ಇನ್ಯಾರ ಕಾಲು ಮುರಿಸ್ಲಿ?”

ಆಗ ನಿಜ ಹೇಳಿದೆ. ಜೂನಿನಲ್ಲೇ ಪಳಗಿದ್ದಾಳೆ, ಬಿಟ್ಟುಕೊಡಲಾಗದೆ ಸುಳ್ಳು ಹೇಳಿದೆ ಎಂದೆ. ಅವರು ನಂಬಲಿಲ್ಲ. ಕುದುರೆಯನ್ನು ವಾಪಸು ತರಿಸಿಕೊಳ್ಳಲು ಈಗ ಕತೆ ಕಟ್ಟುತ್ತಿದ್ದೇನೆ ಅಂದುಕೊಂಡರು. ನಿಮಗೂ ವಯಸ್ಸಾಯಿತು, ಎರಡು ದಿನ ಮನೆಯಲ್ಲಿರಿ ಎಂದರು. ದನಿಯಲ್ಲಿ ಕೋಪವೂ ಇರಲಿಲ್ಲ.

ಒಂದೇ ಮಾತಿನಿಂದ ಆ ಹುಡುಗಿಯ ಕಾಲು ಹೋಯಿತು, ಈ ಕುದುರೆಯ ಬೆಲೆಯೂ ಹೋಯಿತು. ನನ್ನ ಹತ್ತಿರವೇ ಇರಲಿ ಎಂದು ಆಡಿದ ಮಾತು.

ಅಕ್ಟೋಬರ್ ೬, ಭಾನುವಾರ

ಮೂರು ವಾರ ಬರೆದಿಲ್ಲ. ದಿನಾ ಆಸ್ಪತ್ರೆಯ ಬಾಗಿಲ ತನಕ ಹೋಗಿ ಹಿಂತಿರುಗುತ್ತಿದ್ದೆ. ತಿಮ್ಮಮ್ಮನಿಗೆ ಹೇಳಿಬಿಟ್ಟೆ. ತನಗೆ ಬೆಲ್ಲ ನೋಡಿದ ದಿನವೇ ಗೊತ್ತಿತ್ತು ಎಂದಳು. ನನಗೆ ಹೇಳಿ ಏನು ಪ್ರಯೋಜನ, ಹೇಳಬೇಕಾದವರಿಗೆ ಹೇಳಿ ಎಂದಳು.

ಇಂದು ಒಳಗೆ ಹೋಗಿ ಪುಟ್ಟಬಸಮ್ಮನಿಗೆ ಎಲ್ಲ ಹೇಳಿದೆ. ಚಿಕ್ಕಿ ಪಳಗಿದ್ದದ್ದು, ಬಹದ್ದೂರ್ ಓಡುವುದು ನನಗೆ ಗೊತ್ತಿದ್ದದ್ದು. ನಿಂತುಕೊಂಡೇ ಹೇಳಿದೆ, ಸಾಹೇಬರ ಮುಂದೆ ನಿಂತಂತೆ.

ಗೋಡೆಯ ಕಡೆ ಮುಖ ತಿರುಗಿಸಿದಳು. ಪಕ್ಕದ ಮಂಚದವರಿಗೆ ಗಂಜಿ ಕೊಟ್ಟು ಆಯಾ ಹೋದಳು. ಆಮೇಲೆ ಈ ಕಡೆ ತಿರುಗದೆಯೇ ಮಾತಾಡಿದಳು.

“ಮಹದೇವು ಮಾತು ಅಂದ್ರೆ ನಾನ್ ಹೊಡ್ದ ಲಾಳ ಇದ್ದಂಗೆ ಅಂತಿದ್ರು ನಮ್ಮಪ್ಪ. ನಾನು ಅದ್ನೇ ನಂಬ್ಕೊಂಡ್ ಬಂದಿದ್ದೆ.”

ತಪ್ಪಾಯಿತು ಕಣವ್ವ ಎಂದೆ. ಕೇಳಿಸಿತೋ ಇಲ್ಲವೋ.

ಕಾಲು ಎರಡು ಬೆರಳಷ್ಟು ಗಿಡ್ಡವಾಗುತ್ತದಂತೆ. ಇನ್ನು ಹಳ್ಳಿ ಸುತ್ತುವ ಕೆಲಸ ಆಗದು, ಆಫೀಸಿನಲ್ಲಿ ರಿಜಿಸ್ಟರ್ ಬರೆಯಲು ಹಾಕುತ್ತಾರೆ. ಅದನ್ನೂ ಗೋಡೆಗೇ ಹೇಳಿದಳು. ನಾನು ಹೊರಡುವಾಗ ಆ ಚಿಕ್ಕಿ ಕುದುರೆ ಎಲ್ಲಿದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

“ಹುಡುಕಿ. ಎಂಗದೆ ಅಂತ ಬಂದ್ ಹೇಳಿ. ನನ್ನ ಕೇಳೋದ್ ಬುಡಿ, ಅದುನ್ನ ಯಾರ್ ಕೇಳ್ತಾರೆ?”

ಅಕ್ಟೋಬರ್ ೨೯

ದಲ್ಲಾಳಿಯನ್ನು ಹಿಡಿಯಲು ಹದಿನೈದು ದಿನ. ಮಂಡ್ಯದವನಿಗೆ ಕೊಟ್ಟೆ ಎಂದ. ಮಂಡ್ಯಕ್ಕೆ ಹೋಗಿ ಬಂದೆ. ಆತ ಮೈಸೂರಿಗೇ ವಾಪಸು ಮಾರಿದ್ದಾನೆ. ಜಟಕಾ ಸ್ಟ್ಯಾಂಡುಗಳನ್ನೆಲ್ಲ ನೋಡಿದೆ. ಇಷ್ಟು ಎತ್ತರದ ಕುದುರೆ ಜಟಕಾಗೆ ಆಗದು, ಮದುವೆ ಸಾರೋಟಿನವರನ್ನು ಕೇಳಿ ಎಂದು ಒಬ್ಬ ಮುದುಕ ಹೇಳಿದ.

ಸ್ಕೂಲಿಗೆ ಎರಡು ಹೊಸ ಕುದುರೆ ಬಂದಿವೆ. ಮೇವು ಹಾಕುತ್ತೇನೆ, ಮೈ ಉಜ್ಜುತ್ತೇನೆ. ಹೆಸರು ಇಟ್ಟಿಲ್ಲ.

ನವೆಂಬರ್ ೧೭, ಭಾನುವಾರ

ಸಿಕ್ಕಿದಳು.

ಚಾಮರಾಜಪುರಂನಲ್ಲಿ ಸಂಜೆ ಆರಕ್ಕೆ ಮದುವೆ ಮೆರವಣಿಗೆ. ಮುಂದೆ ಬ್ಯಾಂಡ್‌ಸೆಟ್ಟು, ಎರಡು ಕಡೆ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು, ನಡುವೆ ಸಾರೋಟು, ಅದಕ್ಕೆ ಕಟ್ಟಿದ್ದದ್ದು ಚಿಕ್ಕಿ. ಕಣ್ಣಿಗೆ ಪಟ್ಟಿ, ತಲೆಗೆ ಬಣ್ಣದ ಕುಚ್ಚು. ಪಕ್ಕೆ ಎಲುಬು ಎಣಿಸಬಹುದು. ಅಷ್ಟು ಗದ್ದಲದ ನಡುವೆ ಒಂದು ಹೆಜ್ಜೆ ತಪ್ಪದೆ ನಡೆಯುತ್ತಿದ್ದಳು. ಯಾರೋ ಕಾಲ ಬಳಿಯೇ ಪಟಾಕಿ ಹಚ್ಚಿದರು. ಬೆಚ್ಚಲಿಲ್ಲ. ರಸ್ತೆಯಲ್ಲಿ ಬೆದರುತ್ತಾಳೆ ಎಂದು ನಾನು ಹೇಳಿದ್ದು ಇವಳನ್ನೇ.

ಮೆರವಣಿಗೆ ಛತ್ರದ ಮುಂದೆ ನಿಂತಿತು. ಮದುಮಗ ಇನ್ನೂ ಗಾಡಿಯಲ್ಲಿದ್ದ. ನಾನು ಸುಮ್ಮನೆ ನೋಡಿಕೊಂಡು ಬರಬೇಕಿತ್ತು. ಅಷ್ಟಕ್ಕೇ ಹೋಗಿದ್ದು. “ಚಿಕ್ಕಿ” ಎಂದು ಕರೆದುಬಿಟ್ಟೆ.

ಕಣ್ಣಿನ ಪಟ್ಟಿಯಿಂದ ಕಾಣದು. ದನಿ ಬಂದ ಕಡೆಗೆ ಕಿವಿ ತಿರುಗಿಸಿದಳು. ಕೆನೆದಳು. ಆಮೇಲೆ ಸಾರೋಟನ್ನೂ ಎಳೆದುಕೊಂಡು ಸೀದಾ ನನ್ನ ಕಡೆಗೆ ನಡೆದು ಬಂದಳು. ಗಾಡಿ ವಾಲಿತು. ಹೆಂಗಸರು ಕೂಗಿಕೊಂಡರು. ಸಾರೋಟಿನವ ಎದ್ದು ನಿಂತು ಚಾವಟಿಯಿಂದ ಹೊಡೆದ. ಮುಖದ ಮೇಲೆ, ಕಿವಿಯ ಮೇಲೆ. ಆರೋ ಏಳೋ ಏಟು. ಆದರೂ ಎರಡು ಹೆಜ್ಜೆ ಬಂದಳು. ಮೂಗು ನನ್ನ ಕೋಟಿಗೆ ತಗುಲಿತು.

ನಾನು ಹೊಡೆಯಬೇಡಿ ಎಂದು ಕೈ ಅಡ್ಡ ಹಿಡಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮದುವೆಯವರು ಒಳಗೆ ಹೋದ ಮೇಲೆ ಸಾರೋಟಿನವನ ಹತ್ತಿರ ಹೋದೆ. ಹೆಸರು ರುದ್ರಸ್ವಾಮಿ. ಕೆಟ್ಟವನಲ್ಲ. ಬಕೆಟ್ಟಿನಲ್ಲಿ ನೀರು ತಂದು ಕುಡಿಸುತ್ತಿದ್ದ. ನನಗೆ ಮಾರುತ್ತೀಯಾ ಎಂದು ಕೇಳಿದೆ. ಎಷ್ಟು ಕೊಟ್ಟರೂ ಇಲ್ಲ ಎಂದ.

“ಇಂಥಾ ಸಾಧು ಕುದ್ರೆ ನಂಗೆ ಸಿಕ್ಕೇ ಇಲ್ಲ ಯಜಮಾನ್ರೇ. ಇವತ್ತೇ ಯಾಕೋ ಇಂಗಾಡ್ಬುಡ್ತು. ನೀವ್ ಏನಾರ ತೋರ್ಸುದ್ರಾ?”

ಇಲ್ಲ ಎಂದೆ. ಅವಳು ನೀರು ಬಿಟ್ಟು ನನ್ನ ಕಡೆ ಮುಖ ಎತ್ತಿದಳು. ಕಿವಿಯ ಹಿಂದೆ ರಕ್ತ. ಕೈ ಚಾಚಲಿಲ್ಲ. ಮಾತಾಡಿದರೆ ಮತ್ತೆ ಬರುತ್ತಾಳೆ ಎಂದು ಬಾಯಿ ಮುಚ್ಚಿಕೊಂಡು ಹಿಂದೆ ಸರಿದೆ. ಕೆಮ್ಮು ಬರುತ್ತಿತ್ತು. ಬೀದಿ ತಿರುಗುವ ತನಕ ತಡೆದುಕೊಂಡೆ.

ನವೆಂಬರ್ ೧೮, ಸಂಜೆ ನಾಲ್ಕು

ಪುಟ್ಟಬಸಮ್ಮನನ್ನು ಮೊನ್ನೆ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಕೃಷ್ಣಮೂರ್ತಿಪುರಂನಲ್ಲಿ ತಾಯಿಯ ಮನೆ. ಇಂದು ಹೋಗಬೇಕು. ತಿಮ್ಮಮ್ಮನೂ ಬರುತ್ತಾಳಂತೆ, ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದಾಳೆ.

ಕುದುರೆ ಹೇಗಿದೆ ಎಂದು ಪುಟ್ಟಬಸಮ್ಮ ಕೇಳುತ್ತಾಳೆ. ಚೆನ್ನಾಗಿ ನಡೆಯುತ್ತಾಳೆ, ಸಾಧು ಎನ್ನುತ್ತಾರೆ ಎಂದರೆ ಸುಳ್ಳಲ್ಲ. ಏಟಿನ ವಿಷಯ ಬಿಟ್ಟರೆ ಸುಳ್ಳು. ಏಟು ಯಾಕೆ ಬಿತ್ತು ಎಂಬುದನ್ನು ಬಿಟ್ಟರೆ ಇನ್ನೂ ದೊಡ್ಡ ಸುಳ್ಳು. ಮೊದಲು ಅದನ್ನೇ ಹೇಳಿಬಿಡಬೇಕು. ನಾನು ಕರೆದೆ ಕಣವ್ವ, ಅದಕ್ಕೇ ಅವಳು ಏಟು ತಿಂದಳು ಎಂದು. ಹೊರಟೆವು.