ಜೊಂಬಿಯ ಮಗ

ಅಮ್ಮಾ,

ಇವತ್ತು ಹೊಲಿಗೆ ಅಂಗಡಿಯಲ್ಲಿ ಊಟದ ಹೊತ್ತಿಗೆ ಜೊಂಬಿ ಧಾರಾವಾಹಿಯ ಹೊಸ ಕಂತಿನದೇ ಮಾತು. ಅದರಲ್ಲಿ ಮಗನೊಬ್ಬ, ಸತ್ತೆದ್ದು ಕಚ್ಚಲು ಬರುವ ಜೊಂಬಿಯಾದ ತಾಯಿಯನ್ನು ಕೊಲ್ಲಲಾರದೆ ಕೋಣೆಯಲ್ಲಿ ಕೂಡಿಹಾಕಿ, ದಿನವೂ ಬಾಗಿಲಾಚೆ ಕೂತು ಮಾತಾಡಿಸುತ್ತಾನೆ.

“ಅವಳಿಗೆ ಮಗನ ಗುರುತೇ ಸಿಗಲ್ಲ. ಇವನಿಗೆ ತಲೆ ಕೆಟ್ಟಿದೆ,” ಎಂದರು ಕಟಿಂಗ್ ಮಾಸ್ಟರ್.

“ಕನ್ನಡಕ ತೆಗೆದ್ರೆ ನಮ್ಮ ಯಜಮಾನ್ರಿಗೂ ನನ್ನ ಗುರುತು ಸಿಗಲ್ಲ. ಬಿಟ್ಟು ಹೋಗ್ಲಾ ಮಾಸ್ಟ್ರೇ?” ಎಂದಳು ಗುಂಡಿ ಹಾಕುವ ಅಕ್ಕ. ಎಲ್ಲರೂ ನಕ್ಕರು.

“ನೀನೇನಂತೀಯಾ?” ಎಂದು ನನ್ನನ್ನೂ ಕೇಳಿದರು. ನೋಡಿಲ್ಲ ಎಂದು ಸುಳ್ಳು ಹೇಳಿದೆ.

“ಯಾರಮ್ಮಾ ನೀನು?” ಎಂದು ನೀನು ಕೇಳಿದ ಮೇಲೆ, ನೀನು ತೀರಿಹೋಗುವವರೆಗೆ, ವೃದ್ಧಾಶ್ರಮಕ್ಕೆ ನಾನು ಬಂದದ್ದು ಎರಡೇ ಸಲ. ಬಂದು ಏನು ಮಾತಾಡಲಿ ಅನ್ನಿಸುತ್ತಿತ್ತು.

ಧಾರಾವಾಹಿಯ ಆ ಮಗ ಹೇಳುವುದು ಹೆಚ್ಚೇನಲ್ಲ: “ಇವತ್ತು ಬಿಸಿಲು ಜಾಸ್ತಿ ಅಮ್ಮ. ಬಟ್ಟೆ ಬೇಗ ಒಣಗ್ತು.”

ಅಷ್ಟು ಮಾತು ನನಗೂ ಬರುತ್ತಿತ್ತು.